ಅಳುವ ಕೂಸಿಗೆ ಪೂರಿಗಾಲಿ ಪದ್ಧತಿ

ಹಸುಗೂಸಿನ ಅಳು ನಿಲ್ಲಿಸುವ ವಿದ್ಯೆಯಲ್ಲಿ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯನ್ನು ಮೀರಿಸುವ ಊರು ಇಲ್ಲ. ಈ ಮಾತು ಕೇಳಿದರೆ ಬೆಳಕವಾಡಿಯವರೂ ಬಿ.ಜಿ. ಪುರದವರೂ ಜಗಳಕ್ಕೆ ಬರುತ್ತಾರೆ. ಬರಲಿ, ಕೂತು ಮಾತಾಡೋಣ. ಪತ್ರಿಕೆ ಓದುವವರಿಗೆ ನಮ್ಮೂರ ಹೆಸರು ಗೊತ್ತಿರುವುದು ಹನಿ ನೀರಾವರಿ ಯೋಜನೆಯಿಂದ. ಗಿಡದ ಬುಡಕ್ಕೆ ನೀರನ್ನು ಹನಿಹನಿಯಾಗಿ ಬಿಡಬೇಕೆಂದು ಎಂಜಿನಿಯರುಗಳು ಕಂಡುಕೊಳ್ಳುವುದಕ್ಕೆ ಎಷ್ಟೋ ತಲೆಮಾರು ಮೊದಲೇ ನಮ್ಮವರು ಕೂಸಿನ ಬಾಯಿಗೆ ಏನೇನನ್ನೋ ಹನಿಹನಿಯಾಗಿ ಬಿಡುತ್ತಿದ್ದರು. ಚದುರಿಹೋಗಿದ್ದ ಆ ಜ್ಞಾನವನ್ನೆಲ್ಲ ಒಟ್ಟುಮಾಡಿ ‘ಪೂರಿಗಾಲಿ ಪದ್ಧತಿ’ ಎಂದು ಹೆಸರಿಟ್ಟು ನಾಡಿನ ಮುಂದೆ ಇಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಯಾರೂ ಹೊರಿಸಲಿಲ್ಲ. ಅದಾಗಿಯೇ ಬಿತ್ತು.

ನನ್ನ ಅರ್ಹತೆ ಏನೆಂದು ಕೇಳುವ ಹಕ್ಕು ಓದುಗರಿಗಿದೆ. ನಾನು ಮೂರು ಮಕ್ಕಳ ತಂದೆ. ಮೂರೂ ಬಾಣಂತನ ರೂಢಿಯಂತೆ ಹೆಂಡತಿಯ ತವರಿನಲ್ಲಿ, ತಿ. ನರಸೀಪುರದ ಕಡೆ ನಡೆದವು. ನಾನು ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ಕೂಸಿನ ಮುಖ ನೋಡಿ, ‘ನಮ್ಮಪ್ಪನ ಮೂಗೇ ಬಂದಿದೆ’ ಎಂದು ತೀರ್ಪು ಕೊಟ್ಟು, ಉಂಡು, ನಾಲ್ಕು ಗಂಟೆಯ ಬಸ್ಸಿಗೆ ಹೊರಟುಬಿಡುತ್ತಿದ್ದೆ. ಮೂರರಲ್ಲಿ ಒಂದು ಕೂಸೂ ನನ್ನೆದುರು ಅತ್ತದ್ದಿಲ್ಲ. ಸಂಜೆಯಾದರೆ ಮನೆ ಹಾರಿಹೋಗುವ ಹಾಗೆ ಅಳುತ್ತದೆ ಎಂದು ಹೆಂಡತಿ ಹೇಳುತ್ತಿದ್ದಳು. ನಾನು ಅದನ್ನು ದಾಖಲಿಸಿಕೊಂಡೆನೇ ಹೊರತು ನಂಬಲಿಲ್ಲ. ಶಾಸ್ತ್ರದಲ್ಲಿ ಕೇಳಿದ್ದಕ್ಕಿಂತ ಕಂಡದ್ದು ಮುಖ್ಯ. ತಂದೆಯ ಸನ್ನಿಧಾನ ಒಂದೇ ಸಾಕು, ಕೂಸು ಅಳುವುದಿಲ್ಲ ಎಂಬ ನನ್ನ ಮೊದಲ ಸಿದ್ಧಾಂತ ಹುಟ್ಟಿದ್ದು ಹೀಗೆ.

ಈಗ ಅಳು ಎಂದರೇನು ಎಂಬುದಕ್ಕೆ ಬರೋಣ. 1954ರಲ್ಲಿ ಅಮೆರಿಕದ ನ್ಯೂ ಹೇವನ್‌ನ ಮಕ್ಕಳ ವೈದ್ಯ ಮೋರಿಸ್ ವೆಸೆಲ್ ಮತ್ತು ಜೊತೆಗಾರರು ಒಂದು ಲೆಕ್ಕ ಕಟ್ಟಿಕೊಟ್ಟರು. ಹಾಲು ಚೆನ್ನಾಗಿ ಕುಡಿದು ಮೈ ತುಂಬಿಕೊಳ್ಳುತ್ತಿರುವ ಕೂಸು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರದಲ್ಲಿ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ರಚ್ಚೆ ಹಿಡಿದರೆ ಅದು ಕೋಲಿಕ್. ಈ ಮೂರರ ಮಗ್ಗಿಯನ್ನು ಜಗತ್ತಿನ ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿದರು. 2016ರಲ್ಲಿ, ಹೊಟ್ಟೆ-ಕರುಳಿನ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ರೋಮ್ ಮಾನದಂಡಗಳನ್ನು ತಿದ್ದಿದವರು ಈ ಮಗ್ಗಿಯನ್ನು ಕೈಬಿಟ್ಟರು. ಪೂರಿಗಾಲಿಯಲ್ಲಿ ಅದು ಎಂದೂ ನಡೆದದ್ದೇ ಇಲ್ಲ, ಏಕೆಂದರೆ 3 ವಾರ ಕಾಯುವ ವ್ಯವಧಾನ ಇಲ್ಲಿ ಯಾರಿಗೂ ಇಲ್ಲ. ಕೂಸು ಮೂರು ನಿಮಿಷ ಅತ್ತರೆ ಪಕ್ಕದ ಮನೆಯವರು ಬರುತ್ತಾರೆ, ಮೂರು ಸಲ ಅತ್ತರೆ ಬೀದಿಯವರು ಬರುತ್ತಾರೆ, ಮೂರು ದಿನ ಅತ್ತರೆ ನನ್ನನ್ನು ಕರೆಯುತ್ತಾರೆ. ಕರೆಯದಿದ್ದರೂ ಹೋಗುತ್ತೇನೆ.

ಇನ್ನೊಬ್ಬ ವೈದ್ಯರು, ಬೆರಿ ಬ್ರೇಜಲ್ಟನ್, 1962ರಲ್ಲಿ 80 ಕೂಸುಗಳ ಅಳುವನ್ನು ದಿನವೂ ಬರೆದಿಡಿಸಿದರು. ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಇದ್ದ ಅಳು ಆರನೇ ವಾರಕ್ಕೆ ಎರಡೂಮುಕ್ಕಾಲು ಗಂಟೆಗೆ ಏರಿ, ಹನ್ನೆರಡನೇ ವಾರದ ಹೊತ್ತಿಗೆ ಒಂದು ಗಂಟೆಗಿಂತ ಕೆಳಗೆ ಇಳಿದಿತ್ತು. ಇವು ಆರೋಗ್ಯವಾಗಿದ್ದ, ಯಾವ ಕಾಯಿಲೆಯೂ ಇಲ್ಲದ ಕೂಸುಗಳು. ಹೆಚ್ಚಿನ ಅಳು ಸಂಜೆಯ ಹೊತ್ತಿನದು. ಅಧ್ಯಯನ ಅಚ್ಚುಕಟ್ಟಾಗಿದೆ, ಆದರೆ ಒಂದು ದೊಡ್ಡ ಲೋಪವಿದೆ: ಅವರು ತಾಯಂದಿರನ್ನು ಕೇಳಿ ಬರೆಸಿದ್ದಾರೆ. ಪೂರಿಗಾಲಿ ಪದ್ಧತಿಯಲ್ಲಿ ಬಾಣಂತಿಯನ್ನು ಕೇಳಬೇಕಾದ ಪ್ರಶ್ನೆ ಒಂದೇ. ಏನು ತಿಂದೆ?

ನಿದಾನ ನಡೆಯುವ ರೀತಿಯನ್ನು ವಿವರಿಸಲು ನಮ್ಮ ಬೀದಿಯದೇ ಒಂದು ಪ್ರಕರಣ ತೆಗೆದುಕೊಳ್ಳುತ್ತೇನೆ. ಬೆಂಗಳೂರಿಗೆ ಕೊಟ್ಟ ಹೆಣ್ಣುಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಗಂಡುಕೂಸು. ಹುಟ್ಟಿ ಹದಿನೈದು ದಿನ ಸುಮ್ಮನಿದ್ದದ್ದು ಆಮೇಲೆ ಮುಚ್ಚಂಜೆಯಾಗುತ್ತಿದ್ದಂತೆ ಶುರುಮಾಡುತ್ತಿತ್ತು. ಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಅತ್ತರೆ ಒಂಬತ್ತರವರೆಗೆ ಬಿಡುವಿಲ್ಲ. ನೋಡಲು ಬಂದವರು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಕೈಯಲ್ಲಿ ನೂರು ರೂಪಾಯಿ, ಇನ್ನೊಂದರಲ್ಲಿ ಕಾರಣ. ನೂರು ರೂಪಾಯಿಯನ್ನು ಕೂಸಿನ ಮುಷ್ಟಿಗೆ ತುರುಕುತ್ತಾರೆ, ಕಾರಣವನ್ನು ಬಾಣಂತಿಯ ತಲೆಗೆ ಕಟ್ಟಿ ಹೋಗುತ್ತಾರೆ.

‘ಮೊಗ ಹಸ್ಕಂಡದೆ ಕನವ್ವ. ಹಾಲ್ ಸಾಲ್ತಿಲ್ಲ. ಡಬ್ಬಿ ಹಾಲ್ ಕುಡ್ಸು.’

‘ಹಾಲ್ ಸಾಲ್ದೆ ಇದ್ರೆ ಮೈ ಇಂಗ್ ತುಂಬ್ಕತಿತ್ತಾ? ಅದು ಹೊಟ್ಟೆ ಉಬ್ರ. ನೆನ್ನೆ ಏನ್ ಉಂಡ್ಯವ್ವ ನೀನು?’

‘ಅನ್ನ, ಮೆಣಸಿನ್ ಸಾರು ಅತ್ತೆ.’

‘ಮೊನ್ನೆ?’

‘ಅನ್ನ, ಮೆಣಸಿನ್ ಸಾರು.’

‘ಮನ್ಸಲ್ಲಿ ಏನಾರ ತಿನ್ಬೇಕು ಅಂತ ಆಸೆ ಪಟ್ಕಂಡಿದ್ದಾ?’

ಭಾನುವಾರ ಗಂಡ ತಂದ ಮದ್ದೂರು ವಡೆಯ ಪೊಟ್ಟಣದ ಕಡೆ ಒಂದು ಸಲ ನೋಡಿದ್ದು ಹೌದೆಂದು ಆಕೆ ಒಪ್ಪಿಕೊಂಡಳು. ಕಾರಣ ಸಿಕ್ಕಿತು. ವಡೆಯನ್ನು ಬಾಣಂತಿಯ ಕಣ್ಣಿಗೆ ಬೀಳದಂತೆ ಮಾಡುವುದು ಚಿಕಿತ್ಸೆಯ ಮೊದಲ ಹಂತವಾದ್ದರಿಂದ ಅಲ್ಲಿದ್ದ ತಜ್ಞರೆಲ್ಲ ಸೇರಿ ಆ ಕೆಲಸವನ್ನು ಕೂಡಲೇ ಮುಗಿಸಿದೆವು. ಕೂಸು ಅಳುತ್ತಲೇ ಇತ್ತು. ಔಷಧಿ ಹತ್ತಲು ಸಮಯ ಬೇಕು.

ಅಂದಿನಿಂದ ಬಾಣಂತಿಯ ಪಥ್ಯ ಬಿಗಿಯಾಯಿತು. ಅವರೆಕಾಳು ವಾಯು, ಆಲೂಗಡ್ಡೆ ವಾಯು, ಮೊಸರು ಶೀತ, ಬಾಳೆಹಣ್ಣು ಶೀತ, ಸೌತೆಕಾಯಿ ಹೆಸರು ಹೇಳಿದರೂ ಶೀತ. ನೀರನ್ನು ಲೋಟದಲ್ಲಿ ಅಳೆದು ಕೊಟ್ಟರು. ಹಾಲುಣಿಸುವ ತಾಯಿಗೆ ಬಾಯಾರಿಕೆ ಜಾಸ್ತಿ, ಕೇಳಿದಷ್ಟು ನೀರು ಕೊಡಬೇಕು ಎಂದು ವೈದ್ಯರು ಹೇಳುತ್ತಾರೆ. ಅವರು ಅದನ್ನು ಮಳವಳ್ಳಿಯಲ್ಲಿ ಕೂತು ಹೇಳುತ್ತಾರೆ. ಪೂರಿಗಾಲಿಗೆ ಬಂದು ಹೇಳಲಿ ನೋಡೋಣ. ಹೀಗೆ ಒಂದೊಂದೇ ಪದಾರ್ಥ ಬಿಡಿಸುತ್ತ ಹೋದರೆ ಎರಡೂವರೆ ತಿಂಗಳ ಹೊತ್ತಿಗೆ ಬಾಣಂತಿಯ ತಟ್ಟೆಯಲ್ಲಿ ಬಿಡಿಸಲು ಏನೂ ಉಳಿದಿರುವುದಿಲ್ಲ, ಅದೇ ಹೊತ್ತಿಗೆ ಅಳು ನಿಂತಿರುತ್ತದೆ. ಕೊನೆಯದಾಗಿ ಬಿಡಿಸಿದ ಪದಾರ್ಥವೇ ಅಪರಾಧಿ ಎಂದು ಇದರಿಂದ ಸಿದ್ಧವಾಗುತ್ತದೆ. ನಮ್ಮ ಬೀದಿಯಲ್ಲಿ ಅದು ಕರಿಬೇವು.

ಇನ್ನು ಔಷಧಿ. ತೇಯುವ ಕಲ್ಲು, ಬಜೆಬೇರು, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ. ಬಜೆಯ ತುದಿಯನ್ನು ದೀಪದಲ್ಲಿ ಕರ್ರಗೆ ಸುಟ್ಟು, ಕಲ್ಲಿನ ಮೇಲೆ ಎರಡು ತೊಟ್ಟು ತಾಯಿಹಾಲು ಹಾಕಿ, ಒಂದೊಂದನ್ನೂ ಒಂದು ಸುತ್ತು ತೇಯಬೇಕು. ಬೂದುಬಣ್ಣದ ಗಂಧ ಬರುತ್ತದೆ. ಅದನ್ನು ಕಿರುಬೆರಳಲ್ಲಿ ತೆಗೆದು ಕೂಸಿನ ನಾಲಿಗೆಗೆ ಸವರಬೇಕು. ಸುತ್ತು ಒಂದೋ ಎರಡೋ ಎಂಬುದರ ಮೇಲೆ ನಮ್ಮೂರಲ್ಲಿ ಎರಡು ಪಂಥಗಳಿವೆ. ಒಂದು ಪಂಥದವರು ಇನ್ನೊಂದು ಪಂಥದವರ ಮನೆಯ ನಾಮಕರಣಕ್ಕೆ ಹೋದರೂ ತೊಟ್ಟಿಲು ಮುಟ್ಟುವುದಿಲ್ಲ. ಅದೇ ಬಜೆಯನ್ನು ಬಿಲ್ಲೆಗಳಾಗಿ ಕತ್ತರಿಸಿ, ದಾರದಲ್ಲಿ ಪೋಣಿಸಿ ಕೂಸಿನ ಮಣಿಕಟ್ಟಿಗೂ ಕಟ್ಟುತ್ತಾರೆ. ಕೂಸು ಹೇಗೂ ಕೈಯನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಡೋಸನ್ನು ಅದೇ ನೋಡಿಕೊಳ್ಳುತ್ತದೆ. ಬಜೆಯಲ್ಲಿರುವ ಬೀಟಾ ಅಸರೋನ್ ಇಲಿಗಳಿಗೆ ಗಡ್ಡೆ ಬರಿಸಿತೆಂದು ಅಮೆರಿಕದವರು 1968ರಲ್ಲಿ ಅದನ್ನು ಆಹಾರದಲ್ಲಿ ಹಾಕಕೂಡದೆಂದು ಕಾನೂನು ಮಾಡಿದರು. ಅದು ಇಲಿಗಳ ಸಮಸ್ಯೆ. ಅವು ಯಾವ ಕಲ್ಲಿನಲ್ಲಿ, ಎಷ್ಟು ಸುತ್ತು ತೇಯ್ದಿದ್ದವು ಎಂಬ ವಿವರವನ್ನು ಅವರು ಕೊಟ್ಟಿಲ್ಲ.

ಗ್ರೈಪ್ ವಾಟರ್ ವಿಚಾರದಲ್ಲಿ ಪೂರಿಗಾಲಿಯೂ ಇಂಗ್ಲೆಂಡೂ ಒಂದೇ ಮನೆಯವರು. ವಿಲಿಯಂ ವುಡ್‌ವರ್ಡ್ ಎಂಬ ಔಷಧಿ ಅಂಗಡಿಯವನು 1851ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಅದನ್ನು ಮಾರತೊಡಗಿದ. ಜೌಗುನೆಲದ ಜ್ವರಕ್ಕೆ ಆ ಕಾಲದಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಮದ್ದು ಹೊಟ್ಟೆನೋವನ್ನೂ ತಣಿಸುತ್ತದೆಂದು ಗಮನಿಸಿ ಮಾಡಿದ ಮಿಶ್ರಣ ಅದು. ಅದರೊಳಗೆ ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರು. ನಮ್ಮ ಕಡೆ ಸಬ್ಬಸಿಗೆ ಸೊಪ್ಪನ್ನು ಬಾಣಂತಿಗೆ ತಿನ್ನಿಸುತ್ತೇವೆ, ಅವನು ಬಾಣಂತಿಯನ್ನು ಬಿಟ್ಟು ನೇರವಾಗಿ ಕೂಸಿಗೇ ಹೋದ, ವ್ಯತ್ಯಾಸ ಅಷ್ಟೇ. ಇವಲ್ಲದೆ ಮೂಲ ಸೂತ್ರದಲ್ಲಿ 3.6 ಶೇಕಡಾ ಮದ್ಯಸಾರವೂ ಇತ್ತು. ಕುಡಿದ ಕೂಸು ಕೂಡಲೇ ಸಮಾಧಾನವಾಗಿ ಕಣ್ಣು ಮುಚ್ಚುತ್ತಿದ್ದದ್ದು ಸಬ್ಬಸಿಗೆಯ ಮಹಿಮೆಯೆಂದು ಇಂಗ್ಲೆಂಡಿನ ಅಜ್ಜಿಯರು ನಂಬಿದ್ದರು. 1990ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಮದ್ಯಸಾರ ತೆಗೆದರು. ಈಗಿನದರಲ್ಲಿ ಹಿಂದಿನ ಗುಣವಿಲ್ಲ ಎಂಬ ಕೊರಗು ಎಲ್ಲ ದೇಶದ ಹಿರಿಯರಲ್ಲೂ ಇದೆ. ಈ ಒಂದು ವಿಷಯದಲ್ಲಿ ಹಿರಿಯರ ಮಾತು ರಸಾಯನಶಾಸ್ತ್ರಕ್ಕೆ ಪೂರ್ತಿ ಹೊಂದುತ್ತದೆ.

ಆಶಾ ಕಾರ್ಯಕರ್ತೆ ಬಂದಾಗ ತಾಯಿ ಕಾರ್ಡ್ ತೆರೆದು ಒಂದೇ ಹಾಡು ಹಾಡುತ್ತಾಳೆ: ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ, ಜೇನು ಬೇಡ, ಸಕ್ಕರೆ ನೀರು ಬೇಡ, ಬರೀ ನೀರೂ ಬೇಡ. ವರ್ಷದೊಳಗಿನ ಕೂಸಿಗೆ ಜೇನಿನಿಂದ ಬೊಟುಲಿಸಂ ಎಂಬ ಪ್ರಾಣಕ್ಕೆ ಕುತ್ತಾಗುವ ಕಾಯಿಲೆ ಬರಬಹುದಂತೆ. ನಾವು ತಲೆಯಾಡಿಸುತ್ತೇವೆ. ಗ್ರೈಪ್ ವಾಟರ್ ಹೆಸರಿನಲ್ಲಿ ವಾಟರ್ ಇದ್ದರೂ ಅದು ನೀರಲ್ಲ, ಆದ್ದರಿಂದ ಈ ನಿಷೇಧ ಅದಕ್ಕೆ ಅನ್ವಯಿಸುವುದಿಲ್ಲ ಎಂದು ಆಕೆ ತಿರುವು ದಾಟಿದ ಮೇಲೆ ತೀರ್ಮಾನಿಸುತ್ತೇವೆ. ಆಕೆಯ ಭೇಟಿಗಳಿಗೆ ಸರ್ಕಾರ ದಿನ ಗೊತ್ತುಮಾಡಿದೆ: ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ. 42ನೇ ದಿನವೆಂದರೆ ಆರು ವಾರ, ಅಂದರೆ ಅಳುವಿನ ತುತ್ತತುದಿ. ಆಕೆ ಅಲ್ಲಿಗೆ ನಮ್ಮನ್ನು ತಲುಪಿಸಿ ಇಳಿದುಹೋಗುತ್ತಾಳೆ. ಎಳೆಮಕ್ಕಳ ಆರೈಕೆಗೆಂದು 2018ರಲ್ಲಿ ಬಂದ ಮುಂದಿನ ಕಾರ್ಯಕ್ರಮದ ಭೇಟಿ ಶುರುವಾಗುವುದು 3ನೇ ತಿಂಗಳಿಗೆ, ಆ ಹೊತ್ತಿಗೆ ಕೂಸು ನಗುತ್ತಿರುತ್ತದೆ. ನಡುವಿನ ಕಣಿವೆಯನ್ನು ಸರ್ಕಾರ ನಮ್ಮಂಥ ಖಾಸಗಿ ತಜ್ಞರಿಗೆಂದೇ ಬಿಟ್ಟುಕೊಟ್ಟಿದೆ.

ಆರನೇ ವಾರಕ್ಕೇ ಒಂದೂವರೆ ತಿಂಗಳ ಸೂಜಿಯೂ ಬರುತ್ತದೆ. ಅಳು ಅತ್ಯಂತ ಜೋರಿರುವ ವಾರದಲ್ಲೇ ಸೂಜಿ ಹಾಕಿಸುವುದರಿಂದ, ಸೂಜಿಯಿಂದಲೇ ಕೂಸು ಕೆಟ್ಟಿತು ಎಂಬ ಸಂಶೋಧನೆ ಪ್ರತಿ ಮನೆಯಲ್ಲೂ ಸ್ವತಂತ್ರವಾಗಿ ನಡೆಯುತ್ತದೆ. ಹದಿನಾಲ್ಕನೇ ವಾರಕ್ಕೆ ಅದೇ ಸೂಜಿಯ ಮೂರನೇ ಸರದಿ. ಅಷ್ಟರಲ್ಲಿ ಅಳು ಇಳಿದಿರುತ್ತದೆ. ಸೂಜಿಯಿಂದ ಅಳು ವಾಸಿಯಾಯಿತು ಎಂದು ಇದುವರೆಗೆ ಯಾರೂ ಹೇಳಿಲ್ಲ. ಹೇಳಲೂಬಾರದು, ಒಂದೇ ಸೂಜಿಗೆ ಎರಡು ಗುಣ ಕೊಟ್ಟರೆ ಶಾಸ್ತ್ರ ಗೊಂದಲವಾಗುತ್ತದೆ.

ದೃಷ್ಟಿಯ ಅಧ್ಯಾಯ ದೊಡ್ಡದು, ನಾನು ಅದರ ಒಂದು ತಾಂತ್ರಿಕ ತೊಡಕನ್ನು ಮಾತ್ರ ಎತ್ತುತ್ತೇನೆ. ಹಿಡಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ನೀವಾಳಿಸಿ, ‘ಓಣಿ ಕಣ್ಣು, ಊರ ಕಣ್ಣು’ ಎಂದು ಯಾರ್ಯಾರ ಕಣ್ಣನ್ನೋ ಬೈದು ಒಲೆಗೆ ಹಾಕುತ್ತಾರೆ. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿಯಿಲ್ಲ, ಘಾಟು ಬರದಿದ್ದರೆ ಭಾರಿ ದೃಷ್ಟಿ. ಸೌದೆ ಒಲೆಯ ಕಾಲಕ್ಕೆ ಕಟ್ಟಿದ ನಿಯಮ ಇದು. ಗ್ಯಾಸ್ ಸ್ಟೌವಿನ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟರೆ ಘಾಟು ಬಂದೇ ಬರುತ್ತದೆ. ಹೀಗಾಗಿ ಗ್ಯಾಸ್ ಬಂದ ಮೇಲೆ ಪೂರಿಗಾಲಿಯಲ್ಲಿ ದೃಷ್ಟಿಯ ಪ್ರಕರಣಗಳು ಕಡಿಮೆಯಾಗಿ ಕೆಮ್ಮಿನ ಪ್ರಕರಣಗಳು ಹೆಚ್ಚಾಗಿವೆ. ಕೂಸೂ ಕೆಮ್ಮುತ್ತದೆ. ಕೆಮ್ಮುವಾಗ ಅಳಲಾಗುವುದಿಲ್ಲ, ಆ ಮಟ್ಟಿಗೆ ಫಲ ಇದೆ.

ಪಾಶ್ಚಾತ್ಯ ಔಷಧಿಯನ್ನು ನಾವು ದೂರವಿಟ್ಟಿಲ್ಲ. ಹೊಟ್ಟೆಯ ಗಾಳಿ ಒಡೆಯುವ ಸಿಮೆಥಿಕೋನ್ ಹನಿಗಳು ಮಳವಳ್ಳಿಯ ಮೆಡಿಕಲ್ ಸ್ಟೋರುಗಳಲ್ಲಿ ಸಿಗುತ್ತವೆ. 1994ರಲ್ಲಿ ಅಮೆರಿಕದಲ್ಲಿ 83 ಕೂಸುಗಳಿಗೆ ಇದನ್ನೂ, ಇದರಂತೆಯೇ ಕಾಣುವ ಆದರೆ ಔಷಧಿಯೇ ಇಲ್ಲದ ಹನಿಯನ್ನೂ ಸರದಿಯಲ್ಲಿ ಕೊಟ್ಟು ನೋಡಿದರು. ಔಷಧಿಗೆ ಮಾತ್ರ ಸಮಾಧಾನವಾದವು 28 ಶೇಕಡಾ. ಏನೂ ಇಲ್ಲದ ಹನಿಗೆ ಮಾತ್ರ ಸಮಾಧಾನವಾದವು 37 ಶೇಕಡಾ. ಎರಡಕ್ಕೂ ಒಪ್ಪಿಕೊಂಡವು 20 ಶೇಕಡಾ. ಈ ಅಂಕಿಗಳನ್ನು ನೋಡಿ ಅಲ್ಲಿನವರು ಸಿಮೆಥಿಕೋನ್ ಪ್ರಯೋಜನವಿಲ್ಲ ಎಂದು ಬರೆದು ಕೈತೊಳೆದುಕೊಂಡರು. ಅದಕ್ಕಿಂತ ಮುಖ್ಯವಾದ ಸತ್ಯ ಅವರ ಕಣ್ಣಿಗೆ ಬೀಳಲಿಲ್ಲ: ಗೆದ್ದದ್ದು ಏನೂ ಇಲ್ಲದ ಔಷಧಿ. ಅದನ್ನು ಮಳವಳ್ಳಿಯಲ್ಲಿ ಕೇಳಿದರೆ ಸ್ಟಾಕ್ ಇಲ್ಲ ಎನ್ನುತ್ತಾರೆ. ಪೂರಿಗಾಲಿಯಲ್ಲಿ ಮಾತ್ರ ತಲೆತಲಾಂತರದಿಂದ ಹೇರಳವಾಗಿ ತಯಾರಾಗುತ್ತಿದೆ, ತಾಯಿತದ ರೂಪದಲ್ಲೂ ದಾರದ ರೂಪದಲ್ಲೂ ಸಿಗುತ್ತದೆ, ಮುಖ್ಯವಾಗಿ ನನ್ನ ಸಲಹೆಯ ರೂಪದಲ್ಲಿ.

ಶಬ್ದ ಚಿಕಿತ್ಸೆಯ ಬಗ್ಗೆ ಯುವಕರು ಕೇಳುತ್ತಾರೆ. 1990ರಲ್ಲಿ ಲಂಡನ್ನಿನಲ್ಲಿ 40 ನವಜಾತ ಶಿಶುಗಳ ಮೇಲೆ ಪ್ರಯೋಗ ಮಾಡಿದರು. ಒಂದೇ ಸಮನೆ ಸುಂಯ್ ಎನ್ನುವ ಸದ್ದು ಕೇಳಿಸಿದ 20ರಲ್ಲಿ 16 ಕೂಸುಗಳು ಐದು ನಿಮಿಷದೊಳಗೆ ನಿದ್ದೆಹೋದವು. ಸದ್ದಿಲ್ಲದ 20ರಲ್ಲಿ 5 ಮಾತ್ರ. ಬೆಂಗಳೂರಿನ ಅಳಿಯಂದಿರು ಇದನ್ನು ಓದಿ ಮೊಬೈಲಿನಲ್ಲಿ ಜಲಪಾತದ ಸದ್ದಿನ ಆ್ಯಪ್ ಹಾಕಿಕೊಟ್ಟರು. ಗಗನಚುಕ್ಕಿ ನಮ್ಮ ತಾಲ್ಲೂಕಿನಲ್ಲೇ ಧುಮುಕುತ್ತಿರುವಾಗ ಕೂಸು ಯಾವುದೋ ದೇಶದ ಜಲಪಾತವನ್ನು ಕೇಳುತ್ತ ಮಲಗಬೇಕು. ಜಲಪಾತ ಹತ್ತು ನಿಮಿಷ ಸುರಿದು, ಕೂಸಿನ ಕಣ್ಣು ಎಳೆಯುವ ಹೊತ್ತಿಗೆ ನಿಂತು, ಹೆಂಗಸೊಬ್ಬಳು ಸಾಲ ಬೇಕೇ ಎಂದು ಹಿಂದಿಯಲ್ಲಿ ಕೇಳುತ್ತಾಳೆ. ಕೂಸು ಬೇಡವೆಂದು ಕಿರುಚುತ್ತದೆ. ಇದರ ಬದಲು ರಾತ್ರಿ ತ್ರೀ ಫೇಸ್ ಬಂದಾಗ ಪಂಪ್‌ಸೆಟ್ ಸದ್ದು ಕೇಳಿಸಬಹುದು, ಆಲೆಮನೆ ನಡೆಯುವ ಕಾಲವಾದರೆ ಗಾಣದ ಸದ್ದು ಇನ್ನೂ ಒಳ್ಳೆಯದು. ಜಾಹೀರಾತು ಬರುವುದಿಲ್ಲ. ಕರೆಂಟ್ ಹೋಗುತ್ತದೆ, ಅದು ಬೇರೆ ಮಾತು.

ಎತ್ತಿಕೊಂಡು ತಿರುಗುವ ಚಿಕಿತ್ಸೆಯನ್ನು ನಾನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಅದು ನನ್ನ ಪದ್ಧತಿಯ ವ್ಯಾಪ್ತಿಗೆ ಬರುವುದಿಲ್ಲ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುನ್‌ಝಿಕರ್ ಮತ್ತು ಬಾರ್ ಎಂಬಿಬ್ಬರು ಕೆಲವು ತಾಯಂದಿರಿಗೆ, ಕೂಸು ಅಳಲಿ ಬಿಡಲಿ ದಿನಕ್ಕೆ ಕನಿಷ್ಠ 3 ಗಂಟೆ ಎತ್ತಿಕೊಂಡಿರಿ ಎಂದು ಹೇಳಿದರು. ಆರನೇ ವಾರದಲ್ಲಿ ಆ ಕೂಸುಗಳ ಅಳು ಉಳಿದವುಗಳಿಗಿಂತ 43 ಶೇಕಡಾ ಕಡಿಮೆ, ಸಂಜೆಯ ಅಳು 51 ಶೇಕಡಾ ಕಡಿಮೆ. ಆಗಲೇ ಕೋಲಿಕ್ ಹಿಡಿದ ಕೂಸುಗಳಲ್ಲಿ ಇಷ್ಟು ಫಲ ಕಾಣಲಿಲ್ಲ ಎಂದು ಆಮೇಲಿನವರು ಬರೆದರು. 2022ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೊಡಾ ತಂಡದವರು ಹೊಸದೊಂದು ಸೂತ್ರ ಕೊಟ್ಟರು: ಅಳುವ ಕೂಸನ್ನು ಎತ್ತಿಕೊಂಡು 5 ನಿಮಿಷ ನಿಲ್ಲದೆ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಕೂಡಲೇ ಮಲಗಿಸದೆ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತಿರಿ, ಆಮೇಲೆ ಮಲಗಿಸಿ.

ಈ ಸೂತ್ರ ಓದುವಾಗ ನನಗೆ ನಮ್ಮ ಬೀದಿಯ ಆ ಕೂಸಿನ ಅಜ್ಜಿಯ, ಅಂದರೆ ಬಾಣಂತಿಯ ಅವ್ವನ ನೆನಪಾಗದೆ ಇರಲಿಲ್ಲ. ಆಕೆಯನ್ನು ನಾನು ದೀರ್ಘಕಾಲ ಗಮನಿಸಿ, ಅವೈಜ್ಞಾನಿಕ ಎಂದು ಪಟ್ಟಿಯಿಂದ ಬಿಟ್ಟಿದ್ದೇನೆ. ಹಗಲು ಕಳೆ ಕಿತ್ತು ಬಂದು, ಹಸುವಿನ ಹಾಲು ಕರೆದು ಡೇರಿಗೆ ಹಾಕಿ, ಕೈಕಾಲು ತೊಳೆದುಕೊಂಡು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಎಡ ಮುಂಗೈ ಮೇಲೆ ಬೋರಲು ಹಾಕಿಕೊಂಡು, ತಲೆ ಮೊಣಕೈ ಮಡಿಕೆಯಲ್ಲಿ, ಅಂಗೈ ಕೂಸಿನ ತೊಡೆಯ ಸಂದಿನಲ್ಲಿ, ಬಲಗೈ ಬೆನ್ನ ಮೇಲೆ. ನಡುಮನೆ ಕಂಬದಿಂದ ಹಿತ್ತಿಲ ಬಾಗಿಲಿಗೆ, ಹಿತ್ತಿಲ ಬಾಗಿಲಿಂದ ಕಂಬಕ್ಕೆ. ಬಾಯಲ್ಲಿ ಹಾಡೂ ಅಲ್ಲದ, ಮಾತೂ ಅಲ್ಲದ ಒಂದು ‘ಹ್ಞೂಂ... ಹ್ಞೂಂ...’. ಕೂಸು ಸುಮ್ಮನಾದರೆ ಹಾಗೇ ಚಾಪೆಯ ಮೇಲೆ ಗೋಡೆಗೊರಗಿ ಕೂರುವಳು, ತೊಡೆಯಿಂದ ಇಳಿಸುವಳಲ್ಲ. ಮತ್ತೆ ಅತ್ತರೆ ಮತ್ತೆ ಕಂಬ, ಬಾಗಿಲು. ಜಗಲಿಯ ಮೇಲೆ ನಾವು ಐದಾರು ಜನ ಕಾರಣ ಹುಡುಕುತ್ತಿರುವಾಗ ಒಳಗೆ ಇದು ನಡೆಯುತ್ತಿತ್ತು. ಕೂಸಿಗೆ ಏನಾಗಿದೆ ಎಂದು ಆಕೆಯನ್ನು ಕೇಳಿದರೆ, ‘ಅಳ್ತದೆ’ ಎನ್ನುತ್ತಿದ್ದಳು. ಇದು ಲಕ್ಷಣವೇ ಹೊರತು ನಿದಾನವಲ್ಲ. ಯಾಕೆ ಅಳುತ್ತದೆ ಎಂದರೆ, ‘ಮೊಗ ಅಲ್ವಾ.’ ಇಂಥವರನ್ನು ಇಟ್ಟುಕೊಂಡು ಶಾಸ್ತ್ರ ಕಟ್ಟಲಾಗುವುದಿಲ್ಲ.

ಆಕೆ ಸಲಹೆ ಎಂದು ಕೊಟ್ಟದ್ದನ್ನು ನಾನು ಕೇಳಿದ್ದು ಒಂದೇ. ಒಂದು ರಾತ್ರಿ ಬಾಣಂತಿಗೆ ಸಹನೆ ಕಟ್ಟೊಡೆದು, ಅಳುವ ಕೂಸಿನ ಮೇಲೆ ತಾನೂ ಕೂಗಿ, ರೆಟ್ಟೆ ಹಿಡಿದು ಎತ್ತಿದಳು. ಆಗ ಅವ್ವ ಹೇಳಿದ್ದು: ‘ತಲೆ ಕೆಟ್ರೆ ಮೊಗನ ತೊಟ್ಲಲ್ಲಿ ಮಡಗ್ಬುಟ್ಟು ಒಸಿ ಈಚೆ ಹೋಗು. ಅಳ್ಲಿ ಬುಡು. ಅತ್ತು ಸತ್ತ ಮೊಗ ಇಲ್ಲ. ಮೊಗನ ಹಿಡ್ಕಂಡ್ ಕುಲುಕ್ಬ್ಯಾಡ.’ ಕುಲುಕಿದರೆ ಎಳೆ ಮಿದುಳಿಗೆ ರಕ್ತಸ್ರಾವವಾಗುತ್ತದೆ, ಆದ್ದರಿಂದ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಸ್ವಲ್ಪ ಹೊತ್ತು ದೂರ ಹೋಗಿ ಎಂದು ಮಕ್ಕಳ ವೈದ್ಯರು ಇದೇ ಮಾತನ್ನು ಗೋಡೆಗೆ ಬರೆದು ಅಂಟಿಸುತ್ತಾರೆ. ಬಾಣಂತಿ ಜಗಲಿಗೆ ಬಂದಳು. ಕೂರಲು ಜಾಗ ಬೇಕಲ್ಲ, ನಾವು ತಜ್ಞರು ಎದ್ದು ಮನೆಗೆ ಹೋದೆವು.

ಪದ್ಧತಿಗೆ ಅಪವಾದಗಳಿವೆ, ಅವನ್ನು ಹೇಳಲು ನನಗೆ ಮನಸ್ಸಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಹಸಿರು ವಾಂತಿಯಾದರೆ, ಹಾಲು ಬಿಟ್ಟುಬಿಟ್ಟರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಅಳುತ್ತಿದ್ದ ಕೂಸು ಜೋಲು ಬಿದ್ದರೆ, ಜಗಲಿಯ ಮೇಲೆ ಕೂತವರನ್ನೆಲ್ಲ ದಾಟಿಕೊಂಡು 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಬೇಕಂತೆ. ನಮ್ಮನ್ನು ದಾಟುವಾಗ ಒಂದು ಮಾತು ಹೇಳಿ ಹೋಗುವುದು ಸೌಜನ್ಯ.

ನಮ್ಮ ಬೀದಿಯ ಕೂಸಿಗೆ ಅಂಥದ್ದೇನೂ ಇರಲಿಲ್ಲ. ಆದರೂ ಮಳವಳ್ಳಿಗೆ ತೋರಿಸಿಕೊಂಡು ಬಂದರು. ವೈದ್ಯರು ತೂಕ ನೋಡಿ, ಹೊಟ್ಟೆ ಒತ್ತಿ, ಕೂಸು ಗಟ್ಟಿಯಾಗಿದೆ, ಐದರಲ್ಲೊಂದು ಕೂಸು ಹೀಗೇ ಅಳುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗೇ ನಿಲ್ಲುತ್ತದೆ, ಔಷಧಿ ಬೇಡ ಎಂದರಂತೆ. ಫೀಸು ತೆಗೆದುಕೊಂಡರಂತೆ. ಸೂಜಿಯಿಲ್ಲ, ಚೀಟಿಯಿಲ್ಲ, ಕೊನೆಗೆ ಒಂದು ಟಾನಿಕ್ಕೂ ಇಲ್ಲ. ಇದಕ್ಕಾಗಿ ಬಸ್ ಚಾರ್ಜ್ ಕೊಟ್ಟು ಹೋಗಬೇಕಿತ್ತೇ ಎಂದು ಇಡೀ ಬೀದಿ ನೊಂದುಕೊಂಡಿತು. ತಾನಾಗಿ ನಿಲ್ಲುವ ಕಾಯಿಲೆಗೆ ತಜ್ಞ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ತಾನಾಗಿ ನಿಲ್ಲುವ ಕಾಯಿಲೆಯಲ್ಲಿ ಮಾತ್ರ ಎಲ್ಲ ತಜ್ಞರಿಗೂ ಯಶಸ್ಸು ಸಿಗುತ್ತದೆ, ಆದ್ದರಿಂದ.

ಫಲಿತಾಂಶ ಹೀಗಿದೆ. ನಮ್ಮ ಕಡೆ ಬಾಣಂತಿಯನ್ನು ಗಂಡನ ಮನೆಗೆ ಕರೆದೊಯ್ಯುವುದು ಬೆಸ ತಿಂಗಳಲ್ಲಿ, ಮೂರಕ್ಕೋ ಐದಕ್ಕೋ. ಈ ಕೂಸನ್ನು ಐದಕ್ಕೆ ಕರೆದೊಯ್ದರು. ಬೆಂಗಳೂರಿನಲ್ಲಿ ಅದು ಒಂದು ಸಂಜೆಯೂ ಅಳಲಿಲ್ಲ. ಕೂಸಿನ ಅಪ್ಪನ ತಾಯಿ ಫೋನಿನಲ್ಲಿ ನಮ್ಮ ಬೀದಿಗೆಲ್ಲ ಕೇಳುವಂತೆ ಹೇಳಿದರು: ‘ಅಲ್ಲೇನ್ ಮಾಡ್ತಿದ್ರೋ ಏನೋ. ನಮ್ಮನೆಗ್ ಬಂದ್ಮೇಲೆ ಮಗು ಕಮಕ್ ಕಿಮಕ್ ಅಂದಿಲ್ಲ ನೋಡಿ.’ ಅಪ್ಪನೂ ಆಫೀಸಿನಲ್ಲಿ ಹೊಸದಾಗಿ ತಂದೆಯಾಗುವವರಿಗೆ ಸಲಹೆ ಕೊಡಲು ಶುರುಮಾಡಿದ್ದಾನೆಂದು ಕೇಳಿದೆ. ನನ್ನ ಮೊದಲ ಸಿದ್ಧಾಂತಕ್ಕೆ ಬೆಂಗಳೂರಿನಿಂದಲೂ ಪುರಾವೆ ಬಂದಂತಾಯಿತು. ಜಗಲಿಯ ಮೇಲೆ ನಾವು ಆ ಯಶಸ್ಸನ್ನು ಹಂಚಿಕೊಂಡೆವು: ಬಜೆಯವರಿಗೆ ಒಂದು ಪಾಲು, ನೀವಾಳಿಸಿದವರಿಗೆ ಒಂದು, ಕರಿಬೇವು ಬಿಡಿಸಿದವರಿಗೆ ಒಂದು, ಉಳಿದದ್ದು ನನಗೆ. ಅಜ್ಜಿಯ ಎಡ ಭುಜ ಹಿಡಿದುಕೊಂಡಿದೆ, ಎತ್ತಲು ಆಗುತ್ತಿಲ್ಲವಂತೆ. ಅದಕ್ಕೆ ಏನು ಕಾರಣವಿರಬಹುದೆಂದು ಈಗ ಚರ್ಚೆ ನಡೆದಿದೆ; ಶೀತ ಎಂಬುದು ನನ್ನ ಅಭಿಪ್ರಾಯ.

ಮೊನ್ನೆ ಬೆಂಗಳೂರಿನಿಂದ ಮತ್ತೆ ಫೋನ್ ಬಂದಿತ್ತು. ಕೂಸು ಜೊಲ್ಲು ಸುರಿಸುತ್ತಿದೆಯಂತೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದಂತೆ, ರಾತ್ರಿ ಎದ್ದು ಅಳುತ್ತದಂತೆ. ಇದು ಹಲ್ಲು ಬರುವ ಅಳು, ಇದರ ಶಾಸ್ತ್ರವೇ ಬೇರೆ, ನಾನು ಕೈಹಾಕುವುದಿಲ್ಲ. ಹಲ್ಲಿನ ವಿಷಯದಲ್ಲಿ ಈ ಹೋಬಳಿಗೇ ಹೆಸರಾದವರು ಬೆಳಕವಾಡಿಯಲ್ಲಿದ್ದಾರೆ. ಹಗಲು ಯಾವಾಗ ಹೋದರೂ ಸಿಗುತ್ತಾರೆ, ಬಿಡುವಾಗಿರುತ್ತಾರೆ. ಅವರ ಸೊಸೆ, ಮೊಮ್ಮಗು ಸದ್ಯಕ್ಕೆ ಕೊಳ್ಳೇಗಾಲದಲ್ಲಿದ್ದಾರೆ.